ಹಳೇ ಫರ್ಗುಸನ್ ಲಿಫ್ಟ್ ಮೇಲೆ ನಿಲ್ಲುತ್ತಿಲ್ಲ, ಸಿಲಿಂಡರ್ ಬಿಚ್ಚಲಾ?

ಬೂದು ಫರ್ಗಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಫರ್ಗುಸನ್ ಟಿಇ-20 ಇದೆ. 1946ರಿಂದ 1956ರವರೆಗೆ ತಯಾರಾದ ಆ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್. ಎಂಜಿನ್ ಗಟ್ಟಿಯಾಗಿದೆ, ಗೇರ್ ಬಗ್ಗೆಯೂ ದೂರಿಲ್ಲ. ತಲೆನೋವು ಪೂರ್ತಿ ಲಿಫ್ಟ್‌ನದು, ಅಂದರೆ ಹಿಂದೆ ಸಿಕ್ಕಿಸಿದ ಉಪಕರಣವನ್ನು ಎಣ್ಣೆಯ ಒತ್ತಡದಿಂದ ಎತ್ತುವ ತೋಳುಗಳದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಲ್ಟಿವೇಟರನ್ನು ಸಲೀಸಾಗಿ ಎತ್ತುತ್ತದೆ. ಎಂಜಿನ್ ಆಫ್ ಮಾಡಿದರೆ ಮೆಲ್ಲಗೆ ಇಳಿಯುತ್ತದೆ, ಅದನ್ನು ಹೇಗೋ ಸಹಿಸಬಹುದು. ಸ್ವಲ್ಪ ಹೊತ್ತು ಕೆಲಸ ಮಾಡಿ ಎಣ್ಣೆ ಬಿಸಿಯಾದ ಮೇಲೆ ಮಾತ್ರ ಕಥೆಯೇ ಬೇರೆ. ಎಂಜಿನ್ ಓಡುತ್ತಿದ್ದರೂ ತೋಳುಗಳು ಒಂದೇ ಕಡೆ ನಿಲ್ಲುವುದಿಲ್ಲ. ಒಂದಿಷ್ಟು ಇಳಿಯುತ್ತವೆ, ಜರ್ಕ್ ಹೊಡೆದು ಮೇಲೆ ಹೋಗುತ್ತವೆ, ಮತ್ತೆ ಇಳಿಯುತ್ತವೆ. ಸುಮ್ಮನೆ ನಿಂತಲ್ಲೇ ತಲೆ ಆಡಿಸುತ್ತಾ ಇರುತ್ತದೆ. ಆಗ ಎಂಜಿನ್ ಆಫ್ ಮಾಡಿದರೆ ನಾನು ಸೀಟಿನಿಂದ ಇಳಿದು ಹಿಂದೆ ಬರುವಷ್ಟರಲ್ಲಿ ಕಲ್ಟಿವೇಟರ್ ನೆಲದ ಮೇಲೆ.

ಹೊರಗೆ ಎಲ್ಲೂ ಎಣ್ಣೆ ಸುರಿಯುತ್ತಿಲ್ಲ. ಲಿಫ್ಟ್ ತೋಳಿನ ಅಡ್ಡ ಶಾಫ್ಟ್ ಹತ್ತಿರ ಒಂದಿಷ್ಟು ಜಿಡ್ಡು, ಅಷ್ಟೇ. ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಕಡಿಮೆಯಾಗಿಲ್ಲ.

ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: "ಸಿಲಿಂಡರ್ ಹೋಗಿದೆ, ಪಿಸ್ಟನ್ ರಿಂಗ್ ಹಾಕಿಸಿ." ಹೌದಾ? ಅದಕ್ಕೆ ಮೇಲಿನ ಕವರ್ ಪೂರ್ತಿ ಎತ್ತಲೇಬೇಕಾ? ಬೋರ್ (ಸಿಲಿಂಡರಿನ ಒಳಮೈ) ಹೋನ್ ಮಾಡಿಸಬೇಕಾ, ಅಂದರೆ ಕಲ್ಲಿನಿಂದ ಉಜ್ಜಿಸಬೇಕಾ? ಮಾಮೂಲಿ ಸ್ಪ್ಯಾನರ್ ಕೆಲಸ ನನಗೆ ಬರುತ್ತದೆ. ಹೈಡ್ರಾಲಿಕ್ ಒಳಗೆ ಮಾತ್ರ ಇದುವರೆಗೆ ಕೈ ಹಾಕಿಲ್ಲ.

ಎಣ್ಣೆ ಡಬ್ಬಿ

ಬಿಚ್ಚುವ ಮೊದಲು ಒಂದು ಸುಲಭದ ದಾರಿ ಇದೆ. ಈಗಿರುವ ಎಣ್ಣೆ ತೆಗೆದು ಅದಕ್ಕಿಂತ ದಪ್ಪ ಎಣ್ಣೆ ಹಾಕಿ ನೋಡಿ. ನನ್ನ ಗಾಡಿ ಅದರಲ್ಲೇ ಎರಡು ಸೀಸನ್ ಓಡಿತು.

ಹಳೇ ಫಿಟ್ಟರ್

ದಪ್ಪ ಎಣ್ಣೆ ಹಾಕಿದರೆ ಸೋರಿಕೆ ಕಡಿಮೆಯಾಗುವುದು ನಿಜ. ಆದರೆ ಸವೆದದ್ದು ಸವೆದೇ ಇರುತ್ತದೆ. ಚಳಿಯಲ್ಲಿ ಪಂಪ್ ಆ ಎಣ್ಣೆಯನ್ನು ಎಳೆದುಕೊಳ್ಳಲಾರದೆ ಒದ್ದಾಡುತ್ತದೆ. ಈ ಗಾಡಿಯಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ ಬೇರೆ. ಹಾಗಾಗಿ ಎಣ್ಣೆ ಮ್ಯಾನುಯಲ್‌ನಲ್ಲಿ ಹೇಳಿದ್ದೇ ಇರಲಿ.

ಈಗ ಬೂದು ಫರ್ಗಿಯವರ ವಿಷಯ. ಸರ್, ರಿಂಗ್ ಕಿಟ್ ಕೊಳ್ಳಲು ಓಡಬೇಡಿ. ಲಿಫ್ಟ್ ಇಳಿದ ತಕ್ಷಣ ಎಲ್ಲರೂ ಸಿಲಿಂಡರ್ ಮೇಲೆ ಗೂಬೆ ಕೂರಿಸುತ್ತಾರೆ. ವರ್ಕ್‌ಶಾಪ್‌ನಲ್ಲಿ ನಾನು ಈ ಕೆಲಸ ಮಾಡುತ್ತಿದ್ದ ಕಾಲದಲ್ಲೂ ಹಾಗೇ. ಹೊಸ ರಿಂಗ್ ಹಾಕಿಸಿಕೊಂಡು ಹೋದ ಗಾಡಿ ಅದೇ ದೂರು ಹೊತ್ತು ವಾಪಸ್ ಬರುತ್ತಿತ್ತು. ಎಣ್ಣೆ ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಅಂತ ಕಣ್ಣಾರೆ ನೋಡದೆ ಕವರ್ ಎತ್ತಲೇಬಾರದು. ಕವರ್ ಎತ್ತಿದ ಮೇಲೆ ಒತ್ತಡ ಇರುವುದಿಲ್ಲ, ಒತ್ತಡ ಇಲ್ಲದಿದ್ದರೆ ಸೋರಿಕೆಯೂ ಕಾಣುವುದಿಲ್ಲ. ಆಮೇಲೆ ಎಲ್ಲ ಬರೀ ಊಹೆ.

ಇದರ ಹೊಟ್ಟೆಯೊಳಗೆ ಏನಿದೆ ಅಂತ ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸೀಟಿನ ಕೆಳಗಿನ ಕವರ್ ಇದೆಯಲ್ಲ, ಅದರ ಅಡಿಭಾಗಕ್ಕೆ ಸಿಲಿಂಡರ್ ಬೋಲ್ಟ್ ಆಗಿದೆ. ಪಿಸ್ಟನ್ ಒಂದು ರಾಡನ್ನು ತಳ್ಳುತ್ತದೆ, ರಾಡ್ ಅಡ್ಡ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟಿನ ಎರಡು ತುದಿಯ ತೋಳುಗಳು ಮೇಲೇಳುತ್ತವೆ. ಎತ್ತುವುದಷ್ಟೇ ಎಣ್ಣೆಯ ಕೆಲಸ. ಇಳಿಸುವುದು ಭಾರದ ಕೆಲಸ. ನಾಲ್ಕು ಪಿಸ್ಟನ್‌ನ ಪಂಪ್ ಕೆಳಗೆ ಎಣ್ಣೆಯಲ್ಲಿ ಮುಳುಗಿದೆ, ಅದನ್ನು ತಿರುಗಿಸುವುದು ಪಿಟಿಓ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಶಾಫ್ಟ್). ಪಂಪಿನಿಂದ ಮೇಲಕ್ಕೆ ಒಂದು ಸ್ಟ್ಯಾಂಡ್ ಪೈಪ್ ಹೋಗುತ್ತದೆ. ಅಲ್ಲಿಂದ ಕವರ್ ಒಳಗಿನ ದಾರಿಯಲ್ಲಿ ಎಣ್ಣೆ ಸಿಲಿಂಡರಿಗೆ ಸೇರುತ್ತದೆ.

ಸಿಲಿಂಡರ್ ಸೋರಿದರೂ ಎಣ್ಣೆ ವಾಪಸ್ ಅದೇ ಹೌಸಿಂಗ್ ಒಳಗೇ ಬೀಳುತ್ತದೆ. ಅದಕ್ಕೇ ನಿಮಗೆ ಹೊರಗೆ ಏನೂ ಕಾಣುತ್ತಿಲ್ಲ, ಮಟ್ಟವೂ ಇಳಿದಿಲ್ಲ. ಅಡ್ಡ ಶಾಫ್ಟ್ ಹತ್ತಿರದ ಜಿಡ್ಡಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಅದು ಶಾಫ್ಟಿನ ಬುಷ್ ಮತ್ತು ಸೀಲ್ ಕಡೆಯದು, ಅಲ್ಲಿ ಒತ್ತಡದ ಎಣ್ಣೆಯೇ ಇಲ್ಲ.

ತಲೆ ಆಡಿಸುವುದು ಯಾಕೆ ಅಂದರೆ, ಸೋರಿದಷ್ಟು ತೋಳು ಇಳಿಯುತ್ತದೆ. ಇಳಿದದ್ದು ಕಂಟ್ರೋಲ್ ವಾಲ್ವಿಗೆ ಗೊತ್ತಾಗಿ ಅದು ಪಂಪಿಗೆ ಎಣ್ಣೆ ಬಿಡುತ್ತದೆ. ಪಂಪ್ ತುಂಬಿಸುತ್ತದೆ. ಮತ್ತೆ ಸೋರುತ್ತದೆ. ವಾಲ್ವೂ ಪಂಪೂ ತಮ್ಮ ಕೆಲಸ ಮಾಡುತ್ತಿವೆ ಅನ್ನುವುದಕ್ಕೆ ಇದೇ ಸಾಕ್ಷಿ, ಅಷ್ಟರ ಮಟ್ಟಿಗೆ ಒಳ್ಳೇ ಸುದ್ದಿ.

ಬಿಸಿಯಾದಾಗ ಜಾಸ್ತಿಯಾಗುವುದೂ ಸಹಜ. ಎಣ್ಣೆ ತೆಳುವಾದಷ್ಟೂ ಸಂದಿಯಲ್ಲಿ ಬೇಗ ಓಡುತ್ತದೆ. ಸಂದಿಯ ಲೆಕ್ಕ ಇನ್ನೂ ಕಠಿಣ: ಪಿಸ್ಟನ್ ಸುತ್ತಲಿನ ಸಂದಿ ಎರಡರಷ್ಟಾದರೆ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು. ಹಾಗಾಗಿ ಈ ದೂರುಗಳು ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಸೀಸನ್ನಿನಲ್ಲಿ ಕೈ ಮೀರುತ್ತವೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಗಾಡಿ ಓಡಿಸಿ ಎಣ್ಣೆ ಬಿಸಿ ಮಾಡಿ. ಎಂಜಿನ್ ಆಫ್ ಮಾಡಿ. ಡಿಪ್‌ಸ್ಟಿಕ್ ಇರುವ ಪಕ್ಕದ ಮುಚ್ಚಳದ ಅಂಚಿಗಿಂತ ಸ್ವಲ್ಪ ಕೆಳಗೆ ಬರುವಷ್ಟು ಮಾತ್ರ ಎಣ್ಣೆ ಇಳಿಸಿ. ಪೂರ್ತಿ ಬೇಡ, ಪಂಪಿಗೆ ಎಣ್ಣೆ ಬೇಕು. ಮುಚ್ಚಳ ಬಿಚ್ಚಿ. ಟಾರ್ಚ್ ಹಾಕಿ ಒಳಗೆ ನೋಡಿದರೆ ಮೇಲೆ ಸಿಲಿಂಡರ್, ಅದರ ಬಾಯಿ, ಪಕ್ಕದಲ್ಲಿ ಪೈಪ್ ಎಲ್ಲ ಕಾಣುತ್ತದೆ. ಕಾಣುವ ಭಾಗವನ್ನೆಲ್ಲ ನೂಲು ಬಿಡದ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಣಗಿಸಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಒದ್ದೆ ಲೋಹದ ಮೇಲೆ ಎಣ್ಣೆ ಎಲ್ಲಿಂದ ಬಂತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಭಾರ ಸಿಕ್ಕಿಸಿ, ಸ್ಟಾರ್ಟ್ ಮಾಡಿ, ಎತ್ತಿ, ಎಂಜಿನ್ ಆಫ್. ಈಗ ನೋಡಿ.

ಸಿಲಿಂಡರಿನ ತೆರೆದ ಬಾಯಿಂದ, ಪಿಸ್ಟನ್ ಸುತ್ತ ಎಣ್ಣೆ ಬಂದರೆ ರಿಂಗ್ ಅಥವಾ ಬೋರ್. ಸಿಲಿಂಡರ್ ಕವರಿಗೆ ಕೂರುವ ಕಡೆಯಿಂದ ಬಂದರೆ ಅಲ್ಲಿನ ಪ್ಯಾಕಿಂಗ್. ಸ್ಟ್ಯಾಂಡ್ ಪೈಪಿನ ತುದಿಯಲ್ಲಿ ಬಂದರೆ ಅದರ ಸೀಲ್. ಸಿಲಿಂಡರಿನ ಮೈಮೇಲೆ ಒಂದು ಗೆರೆಯುದ್ದಕ್ಕೂ ಬೆವರಿದ ಹಾಗೆ ಕಂಡರೆ ಬಿರುಕು. ಮೇಲೆ ಎಲ್ಲೂ ಒಂದು ತೊಟ್ಟೂ ಇಲ್ಲ, ಆದರೂ ಭಾರ ಇಳಿಯುತ್ತಿದೆ ಅಂದರೆ ಸೋರಿಕೆ ಪಂಪಿನ ಕಡೆ, ಎಣ್ಣೆಯ ಅಡಿಯಲ್ಲಿದೆ. ಕಂಟ್ರೋಲ್ ವಾಲ್ವ್ ಸವೆದಿರಬಹುದು, ಸೇಫ್ಟಿ ವಾಲ್ವ್ ಸರಿಯಾಗಿ ಕೂರದೆ ಇರಬಹುದು. ಹಾಗಿದ್ದರೆ ಸಿಲಿಂಡರ್ ಮುಟ್ಟಿಯೂ ಪ್ರಯೋಜನವಿಲ್ಲ.

ಮೂರು ಮಾತು ಗಂಭೀರವಾಗಿ. ಎಂಜಿನ್ ಓಡುವಾಗ ಮುಚ್ಚಳದ ತೂತಿನೊಳಗೆ ಕೈ, ಬಟ್ಟೆ, ಏನೂ ಹೋಗಬಾರದು, ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ. ಎತ್ತಿದ ಭಾರದ ಕೆಳಗೆ ಕಾಲು ಕೂಡ ಇಡಬೇಡಿ, ಬೀಳುತ್ತದೆ ಅಂತ ಗೊತ್ತಿರುವ ಲಿಫ್ಟ್ ಇದು. ಸೋರುವ ಜಾಗವನ್ನು ಬೆರಳಿಂದ ಮುಟ್ಟಿ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಬರುವ ಎಣ್ಣೆ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಚ್ಚಿದ ಗುರುತಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ. ಆದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು, ತಡಮಾಡಿದರೆ ಬೆರಳು ಹೋಗಬಹುದು. ಕನ್ನಡಕ ಹಾಕಿಕೊಂಡು, ದೂರದಿಂದ, ಟಾರ್ಚ್ ಬೆಳಕಿನಲ್ಲಿ ನೋಡಿ.

ಎಂಟು ಎನ್

ನನ್ನದು ಫೋರ್ಡ್ 8ಎನ್, 1947ರಿಂದ 1952ರವರೆಗೆ ಬಂದದ್ದು. ಒಳಗಿನ ಜೋಡಣೆ ಹೆಚ್ಚು ಕಡಿಮೆ ಇದೇ ಥರ. ಇದರ ಪಿಸ್ಟನ್‌ಗೆ ಕಬ್ಬಿಣದ ರಿಂಗ್ ಇಲ್ಲ. ಒಂದು ಓ-ರಿಂಗ್ (ರಬ್ಬರಿನ ಬಳೆ), ಅದರ ಬೆನ್ನಿಗೆ ಆಸರೆಯಾಗಿ ಚರ್ಮದ ಬ್ಯಾಕಪ್ ರಿಂಗ್. ಎರಡೂ ಪಿಸ್ಟನ್ನಿನ ಒಂದೇ ಗ್ರೂವ್‌ನಲ್ಲಿ ಕೂರುತ್ತವೆ. ಯಾವುದು ಯಾವ ಕಡೆ ಅನ್ನುವುದರಲ್ಲಿ ಜನ ಎಡವುತ್ತಾರೆ. ಒತ್ತಡ ಬರುವ ಕಡೆ ಓ-ರಿಂಗ್, ತೆರೆದ ಬಾಯಿಯ ಕಡೆ ಚರ್ಮ. ತಿರುವುಮುರುವಾದರೆ ಒತ್ತಡಕ್ಕೆ ರಬ್ಬರ್ ಹಿಂಡಿಕೊಂಡು ಸಂದಿಗೆ ಹೋಗಿ ಅಂಚು ಕತ್ತರಿಸಿಕೊಳ್ಳುತ್ತದೆ. ತೆಗೆದ ಹಳೇ ಓ-ರಿಂಗ್‌ನ ಒಂದು ಅಂಚು ಇಲಿ ಕಚ್ಚಿದ ಹಾಗಿದ್ದರೆ ಕಾರಣ ಇದೇ, ಇಲ್ಲ ಬೋರ್ ಸಿಕ್ಕಾಪಟ್ಟೆ ಸವೆದಿದೆ.

ರಬ್ಬರ್ ನೈಟ್ರೈಲ್ ಆಗಿರಲಿ. ಇಪಿಡಿಎಂ ಅನ್ನುವ ಇನ್ನೊಂದು ರಬ್ಬರ್ ಈ ಎಣ್ಣೆಯಲ್ಲಿ ಊದಿಕೊಳ್ಳುತ್ತದೆ. ನೋಡಲು ಎರಡೂ ಕಪ್ಪು, ಹಾಗಾಗಿ ಡಬ್ಬದಲ್ಲಿ ಬಿದ್ದಿರುವ ಯಾವುದೋ ಒಂದನ್ನು ಅಳತೆ ಸರಿಹೋಯಿತು ಅಂತ ಹಾಕಬೇಡಿ.

ಬೂದು ಫರ್ಗಿ

ಹಳೇ ಫಿಟ್ಟರ್ ಸರ್, ನೀವು ಹೇಳಿದ ಹಾಗೇ ಮಾಡಿದೆ. ಒರೆಸದೆ ನೋಡಿದಾಗ ಸಿಲಿಂಡರ್ ಪೂರ್ತಿ ಎಣ್ಣೆಯಲ್ಲಿ ಮಿಂದಂತಿತ್ತು, ಬಾಯಿಂದಲೇ ಬರುತ್ತಿದೆ ಅನ್ನಿಸಿತು. ಒರೆಸಿ, ಒಣಗಿಸಿ, ಮತ್ತೆ ಎತ್ತಿ ನೋಡಿದರೆ ಬೇರೆಯೇ ಚಿತ್ರ. ಸಿಲಿಂಡರ್ ಕವರಿಗೆ ಅಂಟಿಕೊಳ್ಳುವ ಜಾಗದಿಂದ, ಒಂದೇ ಮೂಲೆಯಿಂದ, ದಾರದ ಹಾಗೆ ಎಣ್ಣೆ ಬರುತ್ತಿದೆ. ಅದು ಸಿಲಿಂಡರಿನ ಹೊಟ್ಟೆಯ ಮೇಲೆ ಹರಿದು ಬಾಯಿಯ ಅಂಚಿಗೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತಿದೆ. ಪಿಸ್ಟನ್ ಸುತ್ತಲೂ ತೇವ ಇದೆ, ಆದರೆ ಅದು ನಿಧಾನ. ಒಂದು ಹನಿ ಕೂಡಿ ಬೀಳಲು ಹೊತ್ತು ಹಿಡಿಯುತ್ತದೆ.

ಇನ್ನೊಂದು ವಿಷಯ. ಆ ಮೂಲೆಯಲ್ಲಿ ಕೆಂಪಗೆ ರಬ್ಬರಿನ ಥರ ಏನೋ ಅಂಟಿದೆ, ತುದಿ ಜೋತಾಡುತ್ತಿದೆ. ಸಿಲಿಕಾನ್ ಇರಬೇಕು. ನನಗಿಂತ ಮುಂಚೆ ಯಾರೋ ಒಮ್ಮೆ ಬಿಚ್ಚಿದ್ದಾರೆ ಅಂತಾಯಿತು. ಈಗ ಕವರ್ ಎತ್ತಲೇಬೇಕಲ್ಲ?

ಹಳೇ ಫಿಟ್ಟರ್

ಈಗ ಎತ್ತಿ, ಧೈರ್ಯವಾಗಿ. ಏನು ಹುಡುಕುತ್ತಿದ್ದೀರಿ ಅಂತ ಈಗ ಗೊತ್ತಿದೆ.

ಆ ಕೆಂಪು ಸಿಲಿಕಾನ್ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟು. ನಿಮ್ಮ ಸಿಲಿಂಡರಿನ ಬೋರ್ ಎರಡೂವರೆ ಇಂಚು ಅಂತ ಇಟ್ಟುಕೊಳ್ಳಿ. ಒತ್ತಡ ಎರಡು ಸಾವಿರ ಪಿಎಸ್ಐ (ಚದರ ಇಂಚಿಗೆ ಅಷ್ಟು ಪೌಂಡ್) ತಲುಪಿದರೆ ಪಿಸ್ಟನ್ ಮೇಲೆ ಬೀಳುವ ತಳ್ಳು ಸುಮಾರು 4,450 ಕಿಲೋ. ಅಷ್ಟೇ ತಳ್ಳು ಎದುರು ದಿಕ್ಕಿನಲ್ಲಿ ಸಿಲಿಂಡರಿನ ಮೇಲೂ ಬೀಳುತ್ತದೆ. ಅದನ್ನು ಟ್ಯೂಬಿನಿಂದ ಹಿಂಡಿದ ಅಂಟು ತಡೆಯುತ್ತದಾ? ತಡೆಯುವುದು ಬೋಲ್ಟುಗಳು ಮತ್ತು ಸರಿಯಾದ ಪ್ಯಾಕಿಂಗ್. ಅಂಟಿನ ಚೂರು ಕಿತ್ತು ಎಣ್ಣೆಗೆ ಬಿದ್ದರೆ ಪಂಪಿನ ವಾಲ್ವ್ ಕೆಳಗೆ ಹೋಗಿ ಕೂರುತ್ತದೆ. ಆಮೇಲೆ ನಾಲ್ಕು ಪಿಸ್ಟನ್ನಿನಲ್ಲಿ ಒಂದು ಕೆಲಸ ಮಾಡದೆ ಲಿಫ್ಟ್ ಕುಂಟುತ್ತಾ ಏರುತ್ತದೆ. ಆದ್ದರಿಂದ ಎಣ್ಣೆ ಪೂರ್ತಿ ತೆಗೆದು ತಳದಲ್ಲಿ ಕೆಂಪು ಚೂರು ಇದೆಯಾ ನೋಡಿ. ಇದ್ದರೆ ಒಂದೊಂದನ್ನೂ ಹೆಕ್ಕಿ.

ಕವರ್ ಎತ್ತುವುದು: ಭಾರ ಬಿಚ್ಚಿಡಿ, ತೋಳುಗಳನ್ನು ಪೂರ್ತಿ ಇಳಿಸಿ. ಸೀಟ್ ತೆಗೆಯಿರಿ. ಲಿಫ್ಟ್ ರಾಡುಗಳನ್ನು ತೋಳಿನಿಂದ ಬಿಡಿಸಿ, ಟಾಪ್ ಲಿಂಕ್ ಬಿಡಿಸಿ. ಸುತ್ತಲಿನ ಬೋಲ್ಟ್ ಬಿಚ್ಚುವಾಗ ಯಾವ ತೂತಿನಿಂದ ಯಾವುದು ಬಂತು ಅಂತ ರಟ್ಟಿನ ಮೇಲೆ ಚಿತ್ರ ಬರೆದು ಚುಚ್ಚಿಡಿ, ಉದ್ದ ಬೇರೆ ಬೇರೆ ಇರಬಹುದು. ಎತ್ತಲು ಚೈನ್ ಬ್ಲಾಕ್ ಬೇಕೇ ಬೇಕು. ಇಬ್ಬರು ಸೇರಿ ಎತ್ತುತ್ತೇವೆ ಅಂತ ಹೋಗಿ ಸೊಂಟ ಹಿಡಿಸಿಕೊಂಡವರನ್ನು ನೋಡಿದ್ದೇನೆ. ನೇರ ಮೇಲಕ್ಕೆ ಎತ್ತಿ, ಓರೆಯಾಗಬಾರದು. ಕವರಿನಿಂದ ಕೆಳಗಿಳಿದ ಕಂಟ್ರೋಲ್ ಫೋರ್ಕ್ ಪಂಪಿನ ವಾಲ್ವಿಗೆ ಸೇರಿಕೊಂಡಿರುತ್ತದೆ. ಪಕ್ಕದ ಮುಚ್ಚಳದಿಂದ ನೋಡುತ್ತಾ ಅದನ್ನು ಬಿಡಿಸಿಕೊಳ್ಳಿ, ಎಳೆದರೆ ಬಾಗುತ್ತದೆ.

ಪಿಸ್ಟನ್ ಹೊರಗೆ ತೆಗೆಯಲು ಕೆಲವರು ಕಂಪ್ರೆಸರ್ ಗಾಳಿ ಹಾಕುತ್ತಾರೆ. ಲೆಕ್ಕ ನೋಡಿ, ಬರೀ 3 ಬಾರ್ ಗಾಳಿಗೆ ಆ ಪಿಸ್ಟನ್ ಮೇಲೆ 95 ಕಿಲೋಗೂ ಜಾಸ್ತಿ ತಳ್ಳು. ಗಾಳಿ ಎಣ್ಣೆಯ ಹಾಗಲ್ಲ, ಸಂಕುಚಿಸಿಕೊಂಡು ಕಾದಿದ್ದು ಒಮ್ಮೆಲೇ ಹಿಗ್ಗುತ್ತದೆ. ಪಿಸ್ಟನ್ ಸಡಿಲವಾದ ಕ್ಷಣ ಎಗರುತ್ತದೆ. ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ತೆಗೆಯುವುದೇ ವಾಸಿ.

ಈಗ ರಿಂಗ್. ನಿಮ್ಮದರಲ್ಲಿ ಎರಕದ ಕಬ್ಬಿಣದ ರಿಂಗ್ ಇದ್ದರೆ ಒಂದು ಸರಳ ಅಳತೆ ಇದೆ, ಬೋರ್ ಗೇಜ್ ಬೇಡ. ಹೊಸ ರಿಂಗ್ ಒಂದನ್ನು ಖಾಲಿ ಬೋರ್ ಒಳಗೆ ಬಿಡಿ. ಪಿಸ್ಟನ್ನಿನ ಚಪ್ಪಟೆ ತಲೆಯಿಂದ ತಳ್ಳಿ ಅದನ್ನು ನೇರ ಮಾಡಿ. ರಿಂಗಿನ ಎರಡು ತುದಿಯ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಎಲೆಗಳ ಕಟ್ಟು) ಅಳೆಯಿರಿ. ಬಾಯಿಯ ಹತ್ತಿರ ಒಮ್ಮೆ, ನಡುವೆ ಒಮ್ಮೆ, ತಳದಲ್ಲಿ ಒಮ್ಮೆ. ಸಂದಿಯಲ್ಲಿ ಬಂದ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಅಂತ ಬಂತು. ಉದಾಹರಣೆಗೆ ತಳಕ್ಕಿಂತ ನಡುವೆ 0.3 ಮಿಮೀ ಜಾಸ್ತಿ ಬಂದರೆ ನಡುವೆ ಬೋರ್ 0.1 ಮಿಮೀ ಸವೆದಿದೆ. ಆಮೇಲೆ ಹಳೇ ರಿಂಗನ್ನೂ ಅದೇ ಜಾಗದಲ್ಲಿ ಇಟ್ಟು ನೋಡಿ. ಹಳೆಯದರಲ್ಲಿ ಸಂದಿ ದೊಡ್ಡದು, ಹೊಸದರಲ್ಲಿ ಸರಿ ಇದ್ದರೆ ರಿಂಗ್ ಬದಲಾಯಿಸಿದರೆ ಸಾಕು. ಹೊಸದರಲ್ಲೂ ದೊಡ್ಡದೇ ಇದ್ದರೆ ತಪ್ಪು ಬೋರಿನದು, ರಿಂಗ್ ಹಾಕಿದ್ದೂ ದಂಡ.

ಹೋನಿಂಗ್ ಬಗ್ಗೆ ಕೇಳಿದಿರಿ. ಬೋರ್ ಒಳಗೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಉದ್ದಕ್ಕೂ ಇದ್ದರೆ ಹೋನ್ ಮಾಡಿ ಅದನ್ನು ತೆಗೆಯಲು ಹೋಗಬೇಡಿ, ಬೋರ್ ದೊಡ್ಡದಾಗಿಬಿಡುತ್ತದೆ. ಬೇರೆ ಸಿಲಿಂಡರ್ ನೋಡಿ, ಇಲ್ಲ ತೋಳು ಕೂರಿಸಿ. ತೋಳು ಅಂದರೆ ಬೋರಿನೊಳಗೆ ಕೂರಿಸುವ ಕೊಳವೆ, ಸ್ಲೀವ್, ಲಿಫ್ಟ್ ತೋಳಲ್ಲ! ಬರೀ ಹೊಳಪು, ಅಲ್ಲಲ್ಲಿ ತುಕ್ಕಿನ ಕಲೆ ಅಷ್ಟೇ ಇದ್ದರೆ ನಯವಾದ ಕಲ್ಲಿನಿಂದ ಹಗುರವಾಗಿ ಕೈಯಾಡಿಸಿದರೆ ಸಾಕು. ಕಬ್ಬಿಣದ ರಿಂಗ್ ಕೂರಲು ತೆಳುವಾದ ಅಡ್ಡಗೆರೆ ಒಳ್ಳೆಯದು. ಓ-ರಿಂಗ್ ಇರುವ ಪಿಸ್ಟನ್ನಿಗೆ ಅದೇ ಅಡ್ಡಗೆರೆ ಅರದ ಹಾಗೆ ಕೆಲಸ ಮಾಡಿ ರಬ್ಬರ್ ತಿನ್ನುತ್ತದೆ, ಅಲ್ಲಿ ಬೋರ್ ನುಣ್ಣಗಿರಬೇಕು. ಎರಡಕ್ಕೂ ಒಂದೇ ಕಲ್ಲು ಹಿಡಿಯುವ ಲೇತ್‌ನವರಿದ್ದಾರೆ, ನೀವೇ ಮೊದಲು ಹೇಳಿ ಕೊಡಿ. ಹೋನ್ ಆದ ಮೇಲೆ ಸೋಪು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ. ಸೀಮೆಎಣ್ಣೆ ಒಂದರಿಂದಲೇ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಬರಬಾರದು.

ಕವರಿನ ಕೆಳಗಿನ ಮುಖಕ್ಕೂ ಸಿಲಿಂಡರಿನ ಮುಖಕ್ಕೂ ನೇರ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಒಂದೇ ಮೂಲೆಯಿಂದ ಸೋರುತ್ತಿದೆ ಅಂದಿರಲ್ಲ, ಆ ಮೂಲೆಯ ಬೋಲ್ಟ್ ಸಡಿಲವಿತ್ತಾ, ಮುಖ ಎದ್ದಿದೆಯಾ, ನೋಡಲೇಬೇಕು. ಸಿಲಿಕಾನ್ ಕೆರೆಯಲು ಉಳಿ ಹಿಡಿಯಬೇಡಿ, ಗೀರು ಬಿದ್ದರೆ ಅದೇ ಹೊಸ ದಾರಿ. ಮರದ ಚಕ್ಕೆ ಸಾಕು.

ಲೇತ್ ರಾಜ

ಲೇತ್‌ನವರ ಮಾತು ಬಂದದ್ದಕ್ಕೆ ಬಂದೆ. ಫಿಟ್ಟರ್ ಹೇಳಿದ್ದು ಸರಿ, ಯಾವ ಸೀಲ್ ಅಂತ ಗಿರಾಕಿ ಹೇಳುವುದೇ ಇಲ್ಲ. ಬೋರ್ ಕೊಡುವಾಗ ಪಿಸ್ಟನ್ನೂ ಜೊತೆಗೆ ಕೊಡಿ, ಮುಕ್ಕಾಲು ತೊಂದರೆ ತಪ್ಪುತ್ತದೆ.

ಲೋಡರ್ ಅಥವಾ ಟಿಪ್ಪರಿನ ಹೊರಗಿನ ಸಿಲಿಂಡರ್ ಸೋರುವವರಿಗೂ ಒಂದು ಮಾತು. ಅಲ್ಲಿ ಸೋರುವುದು ಹೆಚ್ಚಾಗಿ ರಾಡ್ ಹೊರಬರುವ ಬಾಯಲ್ಲಿ. ಸೀಲ್ ಹಾಕುವ ಮೊದಲು ರಾಡಿನ ಕ್ರೋಮ್ ಮೇಲೆ ಬೆರಳಾಡಿಸಿ (ಒತ್ತಡ ಪೂರ್ತಿ ಇಳಿಸಿದ ಮೇಲೆ). ತುಕ್ಕಿನ ಸಣ್ಣ ಗುಳಿ ಇದ್ದರೂ ಅದು ಪ್ರತಿ ಸಲ ಹೊಸ ಸೀಲನ್ನು ಕೆರೆಯುತ್ತದೆ. ಹಳೇ ಸಿಲಿಂಡರುಗಳಲ್ಲಿ ವಿ ಆಕಾರದ ಪ್ಯಾಕಿಂಗ್ ಸುತ್ತುಗಳಿರುತ್ತವೆ, ಅವುಗಳ ತುಟಿ ಒತ್ತಡದ ಕಡೆ ನೋಡಬೇಕು. ಪ್ಯಾಕಿಂಗನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ಟನ್ನು ಸೋರಿಕೆ ನಿಲ್ಲುವಷ್ಟೇ ಬಿಗಿ ಮಾಡಿ. ಕಿವುಚಿ ಬಿಗಿದರೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ.

ಬೂದು ಫರ್ಗಿ

ಕವರ್ ಎತ್ತಿದೆ. ಎರಡು ಫೋಟೊ ಹಾಕಿದ್ದೇನೆ. ಸೋರುತ್ತಿದ್ದ ಮೂಲೆಯಲ್ಲಿ ಪ್ಯಾಕಿಂಗ್ ಹರಿದೇ ಹೋಗಿದೆ. ಉಳಿದ ಭಾಗ ಚೆನ್ನಾಗಿದೆ, ಅಲ್ಲಿ ಮಾತ್ರ ಸಿಲಿಕಾನ್ ತುಂಬಿದ್ದಾರೆ. ಆ ಮೂಲೆಯ ನಟ್ ಉಳಿದವುಗಳಿಗಿಂತ ಸುಲಭವಾಗಿ ಬಿಚ್ಚಿಕೊಂಡಿತು. ಪಟ್ಟಿ ಇಟ್ಟು ನೋಡಿದೆ, ಬೆಳಕು ಎಲ್ಲೂ ಇಣುಕುತ್ತಿಲ್ಲ. ಮುಖ ನೇರವಾಗಿದೆ. ಸಿಲಿಂಡರಿನಲ್ಲಿ ಬಿರುಕಿಲ್ಲ.

ರಿಂಗ್ ಕಬ್ಬಿಣದವೇ. ಹೊಸ ರಿಂಗ್ ಇಟ್ಟು ಅಳೆದೆ. ಬೋರಿನುದ್ದಕ್ಕೂ ಸಂದಿಯ ವ್ಯತ್ಯಾಸ ಫೀಲರ್ ಗೇಜಿನ ತೀರಾ ತೆಳುವಾದ ಒಂದು ಎಲೆಯಷ್ಟು. ಹಳೇ ರಿಂಗ್ ಇಟ್ಟರೆ ಸಂದಿ ಹೊಸದರ ಸಂದಿಯ ಎರಡು ಪಟ್ಟಿಗೂ ಹೆಚ್ಚು. ಅಂದರೆ ಬೋರ್ ಸರಿ, ರಿಂಗ್ ಹಳತು. ಹೋನ್ ಮಾಡಿಸುತ್ತಿಲ್ಲ, ಸುಮ್ನೆ ತೊಳೆದಿದ್ದೇನೆ. ತಳದಲ್ಲಿ ಕೆಂಪು ಚೂರು ಮೂರ್ನಾಲ್ಕು ಸಿಕ್ಕವು ಸರ್, ಒಂದು ಪಂಪಿನ ಪಕ್ಕದಲ್ಲೇ ಇತ್ತು.

ಜೋಡಿಸುವಾಗ ಏನು ನೋಡಿಕೊಳ್ಳಬೇಕು?

ಹಳೇ ಫಿಟ್ಟರ್

ಫೋಟೊ ನೋಡಿದೆ. ಒಳ್ಳೇ ಬೋರ್ ಅದು, ಮುಟ್ಟದೆ ಬಿಟ್ಟದ್ದು ಒಳ್ಳೆಯದಾಯಿತು.

ರಿಂಗುಗಳ ಸಂದಿ ಒಂದರ ನೇರಕ್ಕೆ ಒಂದು ಬರಬಾರದು, ಸುತ್ತ ಹಂಚಿ. ರಿಂಗ್ ಅಗಲಿಸುವಾಗ ಬೇಕಾದಷ್ಟೇ ಅಗಲಿಸಿ, ಎರಕದ್ದು ಟಕ್ಕನೆ ಮುರಿಯುತ್ತದೆ. ಎಲ್ಲಕ್ಕೂ ಗಾಡಿಗೆ ಹಾಕುವ ಎಣ್ಣೆಯನ್ನೇ ಸವರಿ, ಗ್ರೀಸ್ ಬೇಡ. ಒಂದು ಕೈಯಲ್ಲಿ ರಿಂಗನ್ನು ಹಿಂಡಿ, ಪಿಸ್ಟನ್ನನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಬಿಡಿ. ತಡೆದರೆ ಬಡಿಯಬೇಡಿ, ವಾಪಸ್ ತೆಗೆದು ನೋಡಿ.

ಪ್ಯಾಕಿಂಗ್ ಹೊಸದು, ಒಣದಾಗಿಯೇ ಇಡಿ. ಎಣ್ಣೆಯ ದಾರಿಯ ತೂತು ಪ್ಯಾಕಿಂಗಿನ ತೂತಿಗೆ ಸರಿಯಾಗಿ ಬಂದಿದೆಯಾ ಅಂತ ಬೆಳಕು ಹಾಯಿಸಿ ನೋಡಿ. ನಟ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಮೂಲೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಅದೇ ಹಳೇ ಕಥೆ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ ಹೇಳಿದಷ್ಟು. ಸ್ಟ್ಯಾಂಡ್ ಪೈಪಿನ ಸೀಲ್‌ಗಳು ಸೋರುತ್ತಿವೆ ಅಂತ ನೀವು ಹೇಳಲಿಲ್ಲ, ಆದರೂ ಬದಲಾಯಿಸಿ. ಅಷ್ಟು ಸಣ್ಣ ವಸ್ತುವಿಗಾಗಿ ಮತ್ತೆ ಕವರ್ ಎತ್ತುವವರು ಯಾರು?

ಕವರ್ ಇಳಿಸುವಾಗ ಒಬ್ಬರು ಚೈನ್ ಬಿಡಲಿ, ಒಬ್ಬರು ಪಕ್ಕದ ತೂತಿನಿಂದ ಫೋರ್ಕ್ ನೋಡಲಿ. ಅದು ವಾಲ್ವಿನ ಜಾಗಕ್ಕೆ ತಾನಾಗಿ ಕೂರಬೇಕು. ಪಕ್ಕಕ್ಕೆ ಬಿದ್ದರೆ ಲಿಫ್ಟ್ ಏಳುವುದೇ ಇಲ್ಲ, ಇಲ್ಲ ಎದ್ದದ್ದು ನಿಲ್ಲುವುದೇ ಇಲ್ಲ, ಸೇಫ್ಟಿ ವಾಲ್ವ್ ಕಿರುಚುತ್ತದೆ. ಬೋಲ್ಟ್ ಹಾಕುವ ಮುಂಚೆ ಲಿವರ್ ಮೇಲೆ ಕೆಳಗೆ ಮಾಡಿ ವಾಲ್ವ್ ಜೊತೆಗೆ ಆಡುತ್ತಿದೆಯಾ ಅಂತ ನೋಡಿಕೊಳ್ಳಿ.

ಹೊಸ ಎಣ್ಣೆ ಹಾಕಿ, ಮೊದಲು ಭಾರ ಇಲ್ಲದೆ ಎತ್ತಿಳಿಸಿ ಗಾಳಿ ಹೋಗಲಿ. ಶುರುವಿನಲ್ಲಿ ಜರ್ಕ್ ಹೊಡೆದರೆ ಹೆದರಬೇಡಿ.

ಬೂದು ಫರ್ಗಿ

ಜೋಡಿಸಿ ಓಡಿಸಿದೆ. ಎಣ್ಣೆ ಬಿಸಿಯಾದ ಮೇಲೂ ತಲೆ ಆಡಿಸುವುದು ನಿಂತಿದೆ! ಎಂಜಿನ್ ಆಫ್ ಮಾಡಿ ತೋಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಇಳಿಯುವುದು ಪೂರ್ತಿ ನಿಂತಿಲ್ಲ. ತುಂಬ ನಿಧಾನವಾಗಿ ಇನ್ನೂ ಇಳಿಯುತ್ತಿದೆ, ನಿಂತು ನೋಡಿದರೆ ಗೊತ್ತೇ ಆಗುವುದಿಲ್ಲ. ಇದು ಸಹಜವಾ, ಇನ್ನೂ ಏನಾದರೂ ಉಳಿದಿದೆಯಾ?

ಹಳೇ ಫಿಟ್ಟರ್

ಸಹಜ. ಕಬ್ಬಿಣದ ರಿಂಗಿಗೆ ತುದಿಗಳ ನಡುವೆ ಸಂದಿ ಇದ್ದೇ ಇರುತ್ತದೆ, ಆ ಸಂದಿಯಲ್ಲಿ ಎಣ್ಣೆ ನುಸುಳುತ್ತದೆ. ಓ-ರಿಂಗ್ ಪಿಸ್ಟನ್ನಿನ ಹಾಗೆ ಇದು ರಾತ್ರಿಯಿಡೀ ಎತ್ತಿ ಹಿಡಿಯಲಾರದು. ಹೊಸ ರಿಂಗ್ ಬೋರಿಗೆ ಹೊಂದಿಕೊಂಡ ಮೇಲೆ ಇನ್ನೂ ಸ್ವಲ್ಪ ಕಡಿಮೆಯಾಗಬಹುದು. ಸೀಮೆಸುಣ್ಣದ ಗುರುತು ಹಾಕಿದ್ದು ಒಳ್ಳೆಯದು. ಈಗ ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಬರೆದಿಡಿ, ಬಿಸಿ ಎಣ್ಣೆಯಲ್ಲಿ, ಅದೇ ಕಲ್ಟಿವೇಟರ್ ಸಿಕ್ಕಿಸಿ. ಮುಂದಿನ ಸೀಸನ್ನಿನಲ್ಲಿ ಅದಕ್ಕಿಂತ ಬೇಗ ಇಳಿದರೆ ಪಕ್ಕದ ಮುಚ್ಚಳದಿಂದ ಮತ್ತೆ ನೋಡಿ, ಆಗ ಕಂಟ್ರೋಲ್ ವಾಲ್ವ್ ಮೇಲೆ ಅನುಮಾನ ಪಡೋಣ.

ಗಾಡಿ ನಿಲ್ಲಿಸುವಾಗ ಮಾತ್ರ ಭಾರ ಯಾವಾಗಲೂ ಕೆಳಗೆ ಇಳಿಸಿಯೇ ಬಿಡಿ. ಅಡ್ಡ ಶಾಫ್ಟಿನ ಜಿಡ್ಡು ಹೇಗಿದೆ ಈಗ? ಕವರ್ ಹೊರಗಿದ್ದಾಗ ಬುಷ್ ಅಲ್ಲಾಡಿಸಿ ನೋಡಿದಿರಾ?

ಬೂದು ಫರ್ಗಿ

ನೋಡಿದೆ ಸರ್, ಎಡಗಡೆಯದು ಸ್ವಲ್ಪ ಆಡುತ್ತಿತ್ತು. ಅದನ್ನು ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ, ಬುಷ್ ಅಳತೆಯ ಜೊತೆಗೆ.